1971ರ ಷೆವಿ ಸಿ10ಗೆ 5 ಗ್ಯಾಲನ್ ಅಲ್ಯೂಮಿನಿಯಂ ಏರ್ ಟ್ಯಾಂಕ್: ನಾಲ್ಕು ತಿಂಗಳು ಓಡಿಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಏರ್ ಸಸ್ಪೆನ್ಷನ್‌ಗೆ ಗಾಳಿ ಕೂಡಿಡೋ ಈ ಟ್ಯಾಂಕ್ ಚೆನ್ನಾಗಿದೆ, ದುಡ್ಡಿಗೆ ಮೋಸ ಇಲ್ಲ. ಆದ್ರೆ ಜೊತೆಗೆ ಕೊಡೋ ಫಿಟಿಂಗ್ಸ್ ಯಾರೂ ಹಾಕ್ಬೇಡಿ. ಇನ್ನೊಂದು, ಅದರ ಕಾಲುಗಳನ್ನ ಮಾಡಿರೋದು ಸಮತಟ್ಟು ನೆಲದ ಮೇಲೆ ಕೂರಿಸೋಕೆ, ಹಳೇ ಟ್ರಕ್ಕಿನ ಹೊಟ್ಟೆ ಕೆಳಗೆ ನೇತಾಕೋಕೆ ಅಲ್ಲ, ಅದನ್ನ ಬಾಕ್ಸ್ ಮೇಲೆ ಎಲ್ಲೂ ಬರೆದಿಲ್ಲ. ಕಂಪನಿ ಹೆಸರು ಬರೆಯಲ್ಲ, ಹೆಚ್ಚುಕಮ್ಮಿ ಇದೇ ಟ್ಯಾಂಕು ನಾಲ್ಕೈದು ಹೆಸರಲ್ಲಿ ಸಿಗುತ್ತೆ, ಯಾವ್ದು ತಗೊಂಡ್ರೂ ನಾನು ಹೇಳೋದು ಅನ್ವಯಿಸುತ್ತೆ.

ನಾನಿರೋದು ಡೆಟ್ರಾಯಿಟ್ ಹತ್ತಿರ. ಗಾಡಿ 1971ರ ಷೆವಿ (ಷೆವ್ರೊಲೆ) ಸಿ10 ಪಿಕಪ್ ಟ್ರಕ್, ಲಾಂಗ್ ಬೆಡ್ ಅಂದ್ರೆ ಹಿಂದೆ ಸಾಮಾನು ಹಾಕೋ ಜಾಗ ಉದ್ದ ಇರೋದು, 350 ವಿ8 ಎಂಜಿನ್. ವಿನ್ ನಂಬರ್ (ನಮ್ಮ ಚಾಸಿ ನಂಬರ್ ತರ) ಸಿಇ141ಎಫ್ ಅಂತ ಶುರುವಾಗುತ್ತೆ, ಆ ಎಫ್ ಅಂದ್ರೆ ಫ್ಲಿಂಟ್ ಪ್ಲಾಂಟು, ಅಂದ್ರೆ ನಮ್ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಹುಟ್ಟಿದ ಗಾಡಿ ಇದು, ಐವತ್ತು ವರ್ಷ ಆದ್ಮೇಲೂ ಅದೇ ಸೀಮೆಯಲ್ಲೇ ಓಡಾಡ್ತಿದೆ ಅನ್ನೋದು ನಂಗೆ ಬಹಳ ಖುಷಿ ಕೊಡೋ ವಿಷಯ. ಈ ಗಾಡಿಗಳಲ್ಲಿ ಹಿಂದುಗಡೆನೂ ಕಾಯಿಲ್ ಸ್ಪ್ರಿಂಗೇ ಇರುತ್ತೆ, ಅದೇ ಕಾಲದ ಜಿಎಂಸಿ ಟ್ರಕ್ಕಲ್ಲಿ ಸಾಮಾನ್ಯವಾಗಿ ನಮ್ಮೂರ ಲಾರಿ ತರ ಪಟ್ಟೆ (ಲೀಫ್ ಸ್ಪ್ರಿಂಗ್). ಕಾಯಿಲ್ ತೆಗೆದು ಆ ಜಾಗಕ್ಕೆ ಏರ್ ಬ್ಯಾಗ್ ಹಾಕೋದು ಸುಲಭ, ಅದಕ್ಕೇ ಇಲ್ಲಿ ಏರ್ ಸಸ್ಪೆನ್ಷನ್ ಅಂದ್ರೆ ಎಲ್ಲರೂ ಸಿ10 ಹುಡುಕ್ತಾರೆ. ಗೊತ್ತಿಲ್ದೋರಿಗೆ ಹೇಳೋದಾದ್ರೆ ಕೆಎಸ್‌ಆರ್‌ಟಿಸಿ ಐರಾವತದಲ್ಲಿ ಕೂತಿದ್ದೀರಲ್ಲ, ಹಳ್ಳ ಬಂದ್ರೂ ತೇಲ್ಕೊಂಡು ಹೋಗುತ್ತಲ್ಲ, ಅದೇ ತತ್ವ, ಸ್ಪ್ರಿಂಗ್ ಬದಲು ರಬ್ಬರ್ ಚೀಲದಲ್ಲಿ ಗಾಳಿ. ಗಾಳಿ ಬಿಟ್ರೆ ಗಾಡಿ ಕೂರುತ್ತೆ, ತುಂಬಿದ್ರೆ ಏಳುತ್ತೆ. ಕಂಪ್ರೆಸರ್ ಒಂದೇ ಇದ್ರೆ ಏಳೋಕೆ ನಿಮಿಷಗಟ್ಲೆ ಹಿಡಿಯುತ್ತೆ, ಹಾಗಾಗಿ ಗಾಳಿ ಮೊದಲೇ ಒತ್ತಿ ಕೂಡಿಡೋಕೆ ಟ್ಯಾಂಕು.

ಬ್ಯಾಗುಗಳನ್ನ ಹಾಕ್ಸಿದ್ದು ಹಿಂದಿನ ಓನರ್. ಆತ ಟ್ಯಾಂಕನ್ನ ಹಿಂದೆ ಬೆಡ್ಡಲ್ಲೇ ಬೋಲ್ಟ್ ಮಾಡಿಟ್ಟಿದ್ದ, ಸ್ಟೀಲ್ ಟ್ಯಾಂಕು. ಹೋದ ಚಳಿಗಾಲ ಮುಗಿದ ಮೇಲೆ ಅದರ ಕೆಳಗಿನ ಪ್ಲಗ್ ಬಿಚ್ಚಿದ್ರೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಒಂದು ಲೋಟದಷ್ಟು ಬಂತು, ಜೊತೆಗೆ ತುಕ್ಕಿನ ಹೊಟ್ಟು. ಗಾಳಿ ಒತ್ತಿದಾಗ ಅದರಲ್ಲಿರೋ ತೇವ ನೀರಾಗಿ ಕೆಳಗೆ ಕೂರುತ್ತೆ, ದಿನಾ ಅಲ್ಲದಿದ್ರೂ ವಾರಕ್ಕೊಮ್ಮೆ ಬಿಡ್ಬೇಕು, ಆತ ಬಿಟ್ಟಿರಲಿಲ್ಲ. ಒಳಗಿಂದ ತುಕ್ಕು ಹಿಡಿದ ಟ್ಯಾಂಕಲ್ಲಿ 145 ಪಿಎಸ್‌ಐ ಒತ್ತಡದ ಗಾಳಿ ಇಟ್ಕೊಂಡು ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಅವತ್ತೇ ಬಿಚ್ಚಿ ಬಿಸಾಕ್ದೆ. ಅದಲ್ದೆ ಬೆಡ್ಡಿನ ಮರದ ಹಲಗೆಗಳನ್ನ ಎರಡು ತಿಂಗಳು ಉಜ್ಜಿ ಎಣ್ಣೆ ಹಚ್ಚಿ ಹೊಸದು ಮಾಡಿದ್ದೆ, ಅದರ ಮೇಲೆ ಮತ್ತೆ ಟ್ಯಾಂಕ್ ಬೇಡ, ಕೆಳಗೆ ಫ್ರೇಮಿಗೇ ಹಾಕ್ಬೇಕು ಅಂತ ತೀರ್ಮಾನ ಮಾಡ್ಕೊಂಡೆ.

ಅಲ್ಯೂಮಿನಿಯಂ ತಗೊಂಡಿದ್ದು ತುಕ್ಕಿನ ಕಾರಣಕ್ಕೆ. 5 ಗ್ಯಾಲನ್ ಅಂದ್ರೆ ಹತ್ತಿರ ಹತ್ತಿರ 19 ಲೀಟರ್, ಏಳು ಇಂಚು ದಪ್ಪ, 32 ಇಂಚು ಉದ್ದ. ಕೈಗೆ ಬಂದಾಗ ಮೊದಲು ನೋಡಿದ್ದು ವೆಲ್ಡಿಂಗು. ಎರಡು ತುದಿಯ ಸುತ್ತು ವೆಲ್ಡು, ಪೋರ್ಟ್‌ಗಳ (ಪೈಪು, ವಾಲ್ವ್ ತಿರುಗಿಸಿ ಹಾಕೋ ತೂತುಗಳು) ಸುತ್ತಲಿನ ವೆಲ್ಡು ಎಲ್ಲಾ ಒಂದೇ ಸಮ, ಕಾಸುಗಳನ್ನ ಸಾಲಾಗಿ ಜೋಡಿಸಿದ ಹಾಗೆ. ಪೋರ್ಟಿನ ಮರೆಗಳಲ್ಲಿ (ಥ್ರೆಡ್) ಚೂರುಪಾರು ಇರಲಿಲ್ಲ. ಒಳಗೆ ಟಾರ್ಚ್ ಬಿಟ್ಟು ನೋಡಿದೆ, ಸ್ವಲ್ಪ ಲೋಹದ ಪುಡಿ ಇತ್ತು, ಅದನ್ನ ಗಾಳಿ ಹೊಡೆದು ತೆಗೆದೆ, ನೀವೂ ಇದನ್ನ ಮಾಡಿ ಯಾಕಂದ್ರೆ ಆ ಪುಡಿ ಸೀದಾ ಹೋಗಿ ಸಿಕ್ಕಿಹಾಕ್ಕೊಳ್ಳೋದು ಬ್ಯಾಗಿಗೆ ಗಾಳಿ ಬಿಡೋ ವಾಲ್ವ್‌ನಲ್ಲಿ.

ಈಗ ಜಾಗದ ವಿಷಯ, ನಾನು ಜಾಸ್ತಿ ಒದ್ದಾಡಿದ್ದು ಇಲ್ಲೇ. ಈ ವರ್ಷಗಳ ಸಿ10ನಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬ್ ಒಳಗೆ ಸೀಟಿನ ಹಿಂದೆ ಇರುತ್ತೆ, ಹಾಗಾಗಿ ಫ್ರೇಮಿನ ಮಧ್ಯ ಖಾಲಿ ಅನ್ನಿಸುತ್ತೆ. ಮಲಗಿ ನೋಡಿದ್ರೆ ಖಾಲಿ ಏನಿಲ್ಲ, ಲಾಂಗ್ ಬೆಡ್ಡಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡು, ಮಧ್ಯೆ ಬೇರಿಂಗು, ಪಕ್ಕದಲ್ಲಿ ಹಿಂದಿನ ಆಕ್ಸಲನ್ನ ಫ್ರೇಮಿಗೆ ಹಿಡಿದಿಡೋ ಟ್ರೇಲಿಂಗ್ ಆರ್ಮು, ಇನ್ನೊಂದು ಪಕ್ಕ ಸೈಲೆನ್ಸರ್ ಪೈಪು. ಉಳಿಯೋದು ಹಿಂದೆ ಸ್ಟೆಪ್ನಿ ನೇತಾಕೋ ಜಾಗ. ಸ್ಟೆಪ್ನಿ ತೆಗೆದು ಅಲ್ಲಿಗೆ ಅಡ್ಡಡ್ಡ ಹಾಕೋಣ ಅಂತ ರಟ್ಟಿನ ಡಬ್ಬ ಕತ್ತರಿಸಿ ಟ್ಯಾಂಕಿನ ಅಳತೆಗೆ ಒಂದು ಮಾದರಿ ಮಾಡಿ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಇದನ್ನ ಮಾಡೋವಾಗ ಬ್ಯಾಗಿನ ಗಾಳಿ ಪೂರ್ತಿ ಬಿಟ್ಟು ಆಕ್ಸಲ್ ಮೇಲೆ ಬಂದಾಗ ಎಷ್ಟು ಜಾಗ ಉಳಿಯುತ್ತೆ ಅಂತ ನೋಡ್ಲೇಬೇಕು, ಗಾಡಿ ಎತ್ತರದಲ್ಲಿದ್ದಾಗ ಅಳತೆ ತಗೊಂಡ್ರೆ ಆಮೇಲೆ ಟ್ಯಾಂಕಿಗೆ ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ ಗುಂಡು) ಗುದ್ದುತ್ತೆ.

ಟ್ಯಾಂಕಿನ ಕಾಲು ಮೇಲೆ ಮಾಡಿ ಫ್ರೇಮಿನ ಅಡ್ಡಪಟ್ಟಿಗೆ ನೇತಾಕಿ ಬೋಲ್ಟ್ ಬಿಗಿದು, ಫೋಟೋ ತೆಗೆದು ಅಪ್ಪನಿಗೆ ಕಳಿಸ್ದೆ. ಅಪ್ಪ ಇಪ್ಪತ್ತೆರಡು ವರ್ಷ ತಿಪಟೂರಿಂದ ಕೊಬ್ಬರಿ ಲೋಡ್ ಹೊಡೆದೋರು, ಲೇಲ್ಯಾಂಡ್ ಲಾರಿ. ಅದರಲ್ಲಿ ಗಾಳಿ ಇರೋದು ಬ್ರೇಕಿಗೆ, ಸಸ್ಪೆನ್ಷನ್‌ಗೆ ಅಲ್ಲ, ಆದ್ರೆ ಟ್ಯಾಂಕು ಟ್ಯಾಂಕೇ. ಚಿಕ್ಕವನಿದ್ದಾಗ ನೋಡ್ತಿದ್ದೆ, ಬೆಳಿಗ್ಗೆ ಗಾಡಿ ಎತ್ತೋ ಮುಂಚೆ ಕ್ಲೀನರ್ ಅಣ್ಣ ಬಗ್ಗಿ ಟ್ಯಾಂಕಿನ ಕೆಳಗಿನ ರಿಂಗ್ ಎಳೀತಿದ್ದ, ಪುಸ್ ಅಂತ ನೀರು ಎಣ್ಣೆ ಎಲ್ಲಾ ಸೇರಿ ಮಣ್ಣಿಗೆ ಹಾರ್ತಿತ್ತು. ಅಪ್ಪ ಫೋಟೋ ನೋಡಿ ಎರಡೇ ನಿಮಿಷಕ್ಕೆ ಫೋನ್ ಮಾಡಿದ್ರು. "ಎಲ್ಲಾ ಸರಿ ಮಗಾ, ನೀರು ಬಿಡೋ ನಲ್ಲಿ ಎಲ್ಲೋ?" ಅಂದ್ರು. ಹೋಗಿ ನೋಡಿದ್ರೆ ಡ್ರೈನ್ ಪೋರ್ಟು ಕಾಲುಗಳ ಪಕ್ಕದಲ್ಲೇ ಇದೆ, ನಾನು ಟ್ಯಾಂಕು ತಲೆಕೆಳಗೆ ನೇತಾಕಿದ್ರಿಂದ ಅದು ಮೇಲಕ್ಕೆ ಹೋಗಿ ಬೆಡ್ ಕಡೆ ನೋಡ್ತಿದೆ. ನೀರು ಒಂದು ಹನಿ ಹೊರಗೆ ಬರೋ ದಾರಿ ಇಲ್ಲ. "ನೀರು ಹೋಗೋ ದಾರಿ ಕೆಳಗಿರ್ಬೇಕು ಕಣೋ, ಇಲ್ಲಾಂದ್ರೆ ಅದು ಟ್ಯಾಂಕಲ್ಲ, ಬಿಂದಿಗೆ" ಅಂದ್ರು. ಮೂರು ಗಂಟೆ ಕೆಲಸ ಬಿಚ್ಚಿದೆ, ಆದ್ರೆ ಅವತ್ತು ಅವರು ನೋಡಿದ್ದಕ್ಕೆ ಇವತ್ತಿಗೂ ನೆಮ್ಮದಿ.

ಆಮೇಲೆ ಏನು ಮಾಡಿದೆ ಅಂದ್ರೆ ಎರಡು ಫ್ರೇಮ್ ರೈಲಿಂದ ಇಳಿಬಿಟ್ಟ ಹಾಗೆ ಸ್ಟೀಲ್ ಆಂಗಲ್‌ನಲ್ಲಿ ತೊಟ್ಟಿಲು ತರ ಮಾಡಿ ಟ್ಯಾಂಕನ್ನ ಅದರ ಮೇಲೆ ಕಾಲೂರಿ ಕೂರಿಸ್ದೆ. ಈಗ ಡ್ರೈನ್ ಪೋರ್ಟ್ ನೆಲ ನೋಡ್ತಿದೆ, ಡ್ರೈನ್ ಇರೋ ತುದಿ ಒಂದು ಬೆರಳಷ್ಟು ಕೆಳಗಿರೋ ಹಾಗೆ ವಾಷರ್ ಕೊಟ್ಟು ಇಳಿಜಾರು ಮಾಡಿದೀನಿ. ಕಾಲಿಗೂ ಆಂಗಲ್‌ಗೂ ಮಧ್ಯೆ ರಬ್ಬರ್ ಪ್ಯಾಡ್ ಹಾಕ್ಲೇಬೇಕು. ಅಲುಗಾಟಕ್ಕೆ ಮಾತ್ರ ಅಲ್ಲ, ಮಿಷಿಗನ್ ರಸ್ತೆಗೆ ಚಳಿಗಾಲದಲ್ಲಿ ಉಪ್ಪು ಸುರೀತಾರಲ್ಲ, ಉಪ್ಪುನೀರಲ್ಲಿ ಅಲ್ಯೂಮಿನಿಯಂ ಸ್ಟೀಲು ಒಂದಕ್ಕೊಂದು ತಾಗಿದ್ರೆ ಅಲ್ಯೂಮಿನಿಯಂ ಪುಡಿಪುಡಿಯಾಗಿ ತಿಂದು ಹೋಗುತ್ತೆ. ತೊಟ್ಟಿಲು ಮಾಡಿಸೋಕೆ ಹೋದ ವೆಲ್ಡಿಂಗ್ ಶಾಪಲ್ಲಿ ಒಬ್ರು, ಇಷ್ಟೆಲ್ಲಾ ಯಾಕೆ, ಟ್ಯಾಂಕಿಗೇ ಎರಡು ಪಟ್ಟಿ ವೆಲ್ಡ್ ಹೊಡೆದು ಕೊಡ್ತೀನಿ ಅಂದ್ರು. ದಯವಿಟ್ಟು ಯಾರೂ ಒಪ್ಕೋಬೇಡಿ. ಪ್ರೆಷರ್ ಟ್ಯಾಂಕಿಗೆ ಆಮೇಲೆ ವೆಲ್ಡ್ ಮಾಡಿದ್ರೆ ಬಿಸಿ ತಗುಲಿದ ಜಾಗದಲ್ಲಿ ಅಲ್ಯೂಮಿನಿಯಂ ಮೆತ್ತಗಾಗುತ್ತೆ, ಅದು ಒಡೆಯೋದಾದ್ರೆ ಹೇಳಿ ಕೇಳಿ ಒಡೆಯಲ್ಲ. ತೂತು ಕೊರೆಯೋದೂ ಬೇಡ.

ಫಿಟಿಂಗ್ಸ್ ಕಥೆ. ಪೊಟ್ಟಣದಲ್ಲಿ ಹಿತ್ತಾಳೆ ಪ್ಲಗ್ಗು, ಎಲ್ಬೋ, ಪೈಪ್ ಒತ್ತಿದ್ರೆ ಹಿಡ್ಕೊಳ್ಳೋ ಪುಷ್ ಫಿಟಿಂಗು, 175 ಪಿಎಸ್‌ಐ ಸೇಫ್ಟಿ ವಾಲ್ವ್, ಜೊತೆಗೆ ಒಂದು ಸುರುಳಿ ಬಿಳಿ ಟೆಫ್ಲಾನ್ ಟೇಪು ಇತ್ತು. ಅದೇ ಹಾಕಿ 145 ತುಂಬಿ ರಾತ್ರಿ ಬಿಟ್ರೆ ಬೆಳಿಗ್ಗೆ 98. ಪಾತ್ರೆ ತೊಳೆಯೋ ಸೋಪು ನೀರಲ್ಲಿ ಕಲಸಿ ಬ್ರಷ್ಷಲ್ಲಿ ಹಚ್ಚಿದ್ರೆ ಮೂರು ಕಡೆ ಗುಳ್ಳೆ, ಒಂದು ಎಲ್ಬೋ ಕೂದಲೆಳೆಯಷ್ಟು ಸೀಳಿತ್ತು. ಎಲ್ಲಾ ತೆಗೆದು ಲಾರಿ ಏರ್ ಬ್ರೇಕಿಗೆ ಅಂತಲೇ ಡಾಟ್ (ಅಮೆರಿಕದ ಸಾರಿಗೆ ಇಲಾಖೆ) ಗುರುತು ಇರೋ ಫಿಟಿಂಗು, ಅದೇ ಗುರುತಿನ ನೈಲಾನ್ ಪೈಪು ಟ್ರಕ್ ಸ್ಪೇರ್ಸ್ ಅಂಗಡಿಯಿಂದ ತಂದೆ, ನಲವತ್ತು ಡಾಲರ್ ಒಳಗೆ ಆಯ್ತು. ಟೇಪ್ ಬದಲು ಹಚ್ಚೋ ಸೀಲಂಟ್ ಬಳಸ್ದೆ, ಮೊದಲ ಎರಡು ಮರೆ ಬಿಟ್ಟು ಹಚ್ಚಬೇಕು, ಟೇಪಿನ ಚೂರು ಹರಿದು ಒಳಗೆ ಹೋದ್ರೆ ವಾಲ್ವ್ ಮುಚ್ಚಲ್ಲ. ಪೈಪನ್ನ ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸ್ಬೇಡಿ, ತುದಿ ಓರೆಯಾಗಿ ಅಲ್ಲೇ ಲೀಕು, ಪೈಪ್ ಕಟರ್ ಹತ್ತು ಡಾಲರಿಗೆ ಸಿಗುತ್ತೆ. ಈಗ ಎರಡು ದಿನ ನಿಂತ್ರೆ 145 ಇದ್ದಿದ್ದು 142. ಇನ್ನೊಂದು ಮಾತು, ಮಧ್ಯಾಹ್ನ 25 ಡಿಗ್ರಿ ಇದ್ದಾಗ ತುಂಬಿ ಬೆಳಿಗ್ಗೆ 10 ಡಿಗ್ರಿಗೆ ನೋಡಿದ್ರೆ ಏಳೆಂಟು ಪಿಎಸ್‌ಐ ಕಮ್ಮಿ ತೋರ್ಸುತ್ತೆ, ಅದು ಗಾಳಿ ತಣ್ಣಗಾಗಿದ್ದಕ್ಕೆ, ಲೀಕ್ ಅಂತ ಎಲ್ಲಾ ಬಿಚ್ಚೋಕೆ ಹೋಗ್ಬೇಡಿ.

ಕಂಪ್ರೆಸರ್ ವೈಏರ್ 444ಸಿ, ಹಳೇದೇ ಇತ್ತು, ಚೆನ್ನಾಗಿ ಓಡ್ತಿದೆ. ಅದರಿಂದ ಹೊರಡೋ ಗಾಳಿ ಬಿಸಿ ಇರುತ್ತೆ, ಹಾಗಾಗಿ ಟ್ಯಾಂಕಿನವರೆಗೆ ಅದರ ಜೊತೆ ಬಂದ ಸ್ಟೀಲ್ ಹೆಣಿಗೆಯ ಹೋಸನ್ನೇ ಬಳಸಿ, ನೈಲಾನ್ ಪೈಪ್ ಬೇಡ. ಪ್ರೆಷರ್ ಸ್ವಿಚ್ 110ಕ್ಕೆ ಆನ್ 145ಕ್ಕೆ ಆಫ್. ಖಾಲಿ ಟ್ಯಾಂಕ್ ತುಂಬೋಕೆ ಆರು ನಿಮಿಷದ ಹತ್ತಿರ, ತುಂಬಿದ ಟ್ಯಾಂಕಲ್ಲಿ ನೆಲಕ್ಕೆ ಕೂತ ಗಾಡಿ ಒಂದು ಸಲ ಪೂರ್ತಿ ಏಳುತ್ತೆ, ಎರಡನೇ ಸಲ ಅರ್ಧಕ್ಕೆ ಕಂಪ್ರೆಸರ್ ಸದ್ದು ಶುರು. ನಂಗೆ ಇಷ್ಟು ಸಾಕು. ವೈರಿಂಗ್ ಬಗ್ಗೆ ಒಂದೇ ಮಾತು, ಇದು 20 ಆಂಪಿಯರ್ ಹತ್ತಿರ ಎಳೆಯುತ್ತೆ, ಈ ಟ್ರಕ್ಕುಗಳಿಗೆ ಮಾಮೂಲಾಗಿ ಬರ್ತಿದ್ದ ಆಲ್ಟರ್ನೇಟರೇ 37 ಆಂಪಿಯರ್, ರಾತ್ರಿ ಹೆಡ್‌ಲೈಟ್ ಹಾಕ್ಕೊಂಡು ಇದನ್ನೂ ಓಡಿಸಿದ್ರೆ ಬ್ಯಾಟರಿ ಸೊರಗುತ್ತೆ, ಆಲ್ಟರ್ನೇಟರ್ ಮೊದಲು ಬದಲಾಯಿಸಿ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರ್ಲಿ, ರಿಲೇ (ಸಣ್ಣ ಸ್ವಿಚ್ಚಿಂದ ದೊಡ್ಡ ಕರೆಂಟ್ ಹಾಯಿಸೋ ಡಬ್ಬಿ) ಇಲ್ದೆ ಕರೆಂಟ್ ಕೊಡ್ಬೇಡಿ.

ಮತ್ತೆ ಇದನ್ನ ಬೇಡ್ಕೊಂಡು ಹೇಳ್ತೀನಿ, ಏರ್ ಬ್ಯಾಗ್ ಗಾಡಿ ಕೆಳಗೆ ಬ್ಯಾಗ್ ನಂಬಿ ನುಸುಳಬೇಡಿ. ಒಂದು ಪೈಪ್ ಕಿತ್ತುಬಂದ್ರೆ ಫ್ರೇಮ್ ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ನೆಲ ಸೇರುತ್ತೆ. ಫ್ರೇಮಿಗೆ ಸ್ಟ್ಯಾಂಡ್ ಕೊಟ್ಟು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬ್ಯಾಟರಿ ತಂತಿ ಬಿಚ್ಚಿಟ್ಟ ಮೇಲೆ ಮಾತ್ರ ಕೈ ಹಾಕಿ. ನನ್ನ ಜೊತೆ ಕೆಲಸಕ್ಕೆ ಬರೋ ದಾವಣಗೆರೆ ಗೆಳೆಯನಿಗೆ ಪ್ರತಿ ಸಲ ಇದನ್ನೇ ಹೇಳ್ತೀನಿ, ಅವನು "ಆತು ಬಿಡಪಾ ಗೊತ್ತೈತಿ" ಅಂತಾನೆ, ಆದ್ರೂ ಹೇಳ್ತೀನಿ.

ಆಗಸ್ಟಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸಿಗೆ ತಗೊಂಡು ಹೋಗಿದ್ದೆ, 1995ರಿಂದ ನಡೀತಿರೋ ಹಬ್ಬ ಅದು, ಫರ್ನ್‌ಡೇಲಿಂದ ಪಾಂಟಿಯಾಕ್ ಕಡೆಗೆ ಇಡೀ ರಸ್ತೆ ಹಳೇ ಗಾಡಿಗಳು. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆವರೆಗೂ ನಿಲ್ಲೋದು ಕೂರಿಸೋದು ಎತ್ತೋದು ಅಂತ ಒಂದು ಮೂವತ್ತು ಸಲ ಆಗಿರ್ಬೇಕು, ಟ್ಯಾಂಕ್ ಕಡೆಯಿಂದ ಒಂದು ಚೂರೂ ತೊಂದ್ರೆ ಇಲ್ಲ. ಮಗಳಿಗೆ ಸ್ವಿಚ್ ಕೊಟ್ಟಿದ್ದೆ, ಪಕ್ಕದಲ್ಲಿ ಫುಟ್‌ಪಾತ್ ಮೇಲೆ ಕುರ್ಚಿ ಹಾಕ್ಕೊಂಡು ಕೂತಿದ್ದ ಅಜ್ಜ ಒಬ್ರು ಗಾಡಿ ಕೂತಾಗಲೆಲ್ಲಾ ಚಪ್ಪಾಳೆ ತಟ್ಟೋರು, ಅವಳು ಅವರಿಗೋಸ್ಕರ ಮತ್ತೆ ಮತ್ತೆ ಕೂರಿಸೋಳು. ಮನೆಗೆ ಬಂದು ಡ್ರೈನ್ ತೆಗೆದ್ರೆ ಎರಡು ಚಮಚ ನೀರು, ಬಣ್ಣ ಇಲ್ಲದ ಶುದ್ಧ ನೀರು. ಅದನ್ನೂ ಫೋಟೋ ತೆಗೆದು ಅಪ್ಪನಿಗೆ ಕಳಿಸ್ದೆ.

ಟ್ಯಾಂಕಿಗೆ 190 ಡಾಲರ್ ಆಯ್ತು, ಅದಕ್ಕೆ ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಆಗಿದ್ದು ಆ ಸೀಳಿದ ಎಲ್ಬೋಗೆ, ಮತ್ತೆ ಡ್ರೈನ್ ಯಾವ ಕಡೆ ಇರ್ಬೇಕು ಅಂತ ಕಾಗದದಲ್ಲಿ ಒಂದು ಸಾಲು ಬರೆಯದೇ ಇದ್ದಿದ್ದಕ್ಕೆ. ಕಂಪನಿಗೆ ಮೇಲ್ ಹಾಕಿದ್ದೆ, ಹೊಸ ಎಲ್ಬೋ ಕಳಿಸಿದ್ರು, ಕಾಗದದ ಬಗ್ಗೆ ಉತ್ತರ ಇಲ್ಲ. ನವೆಂಬರಲ್ಲಿ ಗಾಡಿ ಒಳಗೆ ನಿಲ್ಲಿಸೋ ಮುಂಚೆ ಟ್ಯಾಂಕ್ ಖಾಲಿ ಮಾಡಿ ಡ್ರೈನ್ ತೆರೆದೇ ಬಿಡ್ತೀನಿ, ಇಲ್ಲಾಂದ್ರೆ ಉಳಿದ ತೇವ ವಾಲ್ವಲ್ಲಿ ಹೆಪ್ಪುಗಟ್ಟುತ್ತೆ. ಏಪ್ರಿಲಲ್ಲಿ ತೆಗೆದಾಗ ಒಳಗೆ ಟಾರ್ಚ್ ಬಿಟ್ಟು ನೋಡಿ ಹೇಗಿದೆ ಅಂತ ಇಲ್ಲೇ ಕೆಳಗೆ ಸೇರಿಸ್ತೀನಿ.