ಕಲಬುರಗಿಯ ಒಂದು ದಾಖಲೆ–ಭಾಷಾಂತರ ಕಚೇರಿ: ನಮ್ಮ ಅನುಭವ

ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಗ್ರೀನ್ ಕಾರ್ಡ್ ಅರ್ಜಿಗೆ ಜನನ ದಾಖಲೆಗಳನ್ನು ಹೊಂದಿಸಲು ನಗರದ ಒಂದು ದಾಖಲೆ–ಭಾಷಾಂತರ ಕಚೇರಿಯ ನೆರವು ಪಡೆದೆವು. ಭಾಷಾಂತರಕ್ಕಾಗಿ ಅಲ್ಲಿಗೆ ಮತ್ತೊಮ್ಮೆ ಹೋಗಬಹುದು, ಬೇರಾವುದಕ್ಕೂ ಹೋಗಲಾರೆ.

ಗ್ರೀನ್ ಕಾರ್ಡ್ ಸಾಲಿನಲ್ಲಿ ತಮ್ಮನ ಸ್ಥಾನ ಗುರುತಿಸುವ ಸರದಿಯ ದಿನಾಂಕ 2014ರದ್ದು. ಉದ್ಯೋಗ ಆಧಾರಿತ ಕಾಯಂ ವಾಸಕ್ಕೆ ಅಮೆರಿಕ ವರ್ಷಕ್ಕೆ ನೀಡುವುದು ಸುಮಾರು 1,40,000 ವೀಸಾಗಳನ್ನು. ಹೆಂಡತಿ, ಮಕ್ಕಳೂ ಅದೇ ಎಣಿಕೆಯಲ್ಲಿ ಬರುತ್ತಾರೆ, ಮತ್ತು ಒಂದೇ ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿಯಿದೆ. 2020ರ ಅಕ್ಟೋಬರ್‌ನಲ್ಲಿ ಭಾರತೀಯರ ಇಬಿ-3 ವರ್ಗದಲ್ಲಿ (ಉದ್ಯೋಗ ಆಧಾರಿತ ಮೂರನೇ ಆದ್ಯತೆ) ಅರ್ಜಿ ಸಲ್ಲಿಸಬಹುದಾದ ಸರದಿಯ ದಿನಾಂಕದ ಮಿತಿ 2015ರ ಜನವರಿ 1ಕ್ಕೆ ಜಿಗಿದಾಗ ತಮ್ಮ ಐ-485, ಅಂದರೆ ಗ್ರೀನ್ ಕಾರ್ಡಿನ ಅರ್ಜಿ, ಸಲ್ಲಿಸಿದ. ಆದರೆ ಕಾರ್ಡ್ ಮಂಜೂರಾಗುವ ದಿನಾಂಕ ಅಮೆರಿಕದ ಅದೇ ತಿಂಗಳ ವೀಸಾ ಪಟ್ಟಿಯಲ್ಲಿ ಇನ್ನೂ 2010ರ ಜನವರಿಯಲ್ಲೇ ಇತ್ತು. ಆಮೇಲೆ ಜನನ ಪ್ರಮಾಣಪತ್ರ ಕೇಳಿ ನೋಟಿಸ್ ಬಂತು, 84 ದಿನಗಳ ಗಡುವಿನೊಂದಿಗೆ.

ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಯಲ್ಲೇ ಹುಟ್ಟಿದ ಅವನ ಜನನ ನೋಂದಣಿಯಾಗಿರಲಿಲ್ಲ. ಹಾಗಾಗಿ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ, ಅವ್ವ ಮತ್ತು ಸೋದರಮಾವನ ಅಫಿಡವಿಟ್, ಶಾಲೆಯ ಟಿಸಿಯ ಇಂಗ್ಲಿಷ್ ಭಾಷಾಂತರ, ಇವಿಷ್ಟು ಬೇಕಾದವು. ಕಚೇರಿಯ ಭಾಷಾಂತರಕಾರರ ಕೆಲಸ ನಿಜಕ್ಕೂ ಅಚ್ಚುಕಟ್ಟಾಗಿತ್ತು. ಪಾಸ್‌ಪೋರ್ಟಿನಲ್ಲಿ ಜಿಲ್ಲೆಯ ಹೆಸರು ಗುಲ್ಬರ್ಗಾ, ಹೊಸ ಪ್ರಮಾಣಪತ್ರದಲ್ಲಿ ಕಲಬುರಗಿ ಎಂದಿರುವುದನ್ನು ಮೊದಲು ಗಮನಿಸಿದವರು ಅವರೇ. 2014ರ ನವೆಂಬರ್ 1ರಂದು ಹೆಸರು ಬದಲಾಯಿತೆಂಬ ಒಂದು ಸಾಲನ್ನು ಎರಡೂ ಅಫಿಡವಿಟ್‌ಗಳಲ್ಲಿ ಸೇರಿಸಿದರು, ಟಿಸಿಯ ಮೂಲ ಪದಗಳನ್ನು ಮಾತ್ರ ಇದ್ದಂತೆಯೇ ಉಳಿಸಿದರು. ನಮ್ಮ ಭಾಗದವರಿಗೆ ಈ ಎಚ್ಚರ ಎಷ್ಟು ಅಗತ್ಯವೆಂಬುದು ಅರ್ಜಿ ಹಾಕಿದವರಿಗೇ ಗೊತ್ತು.

ತಕರಾರು ಇರುವುದು ಮಾಲೀಕರ ಮಾತಿನ ಬಗ್ಗೆ. ಭಾಷಾಂತರಕ್ಕೆ, ಅದು ಸಂಪೂರ್ಣ ಮತ್ತು ನಿಖರವಾಗಿದೆ, ತನಗೆ ಎರಡೂ ಭಾಷೆ ಬರುತ್ತವೆ ಎಂದು ಭಾಷಾಂತರಕಾರ ಸಹಿ ಮಾಡಿ ದೃಢೀಕರಿಸಿದರೆ ಸಾಕು. ಇವರು ಅದಕ್ಕೂ ನೋಟರಿ ಮಾಡಿಸಿ ಹಣ ಪಡೆದರು. ಅದನ್ನಾದರೂ ಸಹಿಸಬಹುದು. ಆದರೆ, “ಪ್ರೀಮಿಯಂ ಫೀ ಕಟ್ರಿ, ಆರು ತಿಂಗಳಾಗ ಕಾರ್ಡ್ ಬರ್ತದ” ಎಂದು ಅವ್ವನಿಗೆ ಹೇಳಿದ್ದನ್ನು ಸಹಿಸಲಾಗಲಿಲ್ಲ. ಶುಲ್ಕ ಕಟ್ಟಿ ಬೇಗ ತೀರ್ಮಾನ ಪಡೆಯುವ ಆ ಸೌಲಭ್ಯ ನೌಕರನ ಪರವಾಗಿ ಉದ್ಯೋಗದಾತರು ಸಲ್ಲಿಸುವ ಐ-140 ಅರ್ಜಿಗೆ ಇದೆಯೇ ಹೊರತು ಐ-485ಕ್ಕೆ ಇಲ್ಲ. ಐ-140 ಬೇಗ ಮಂಜೂರಾದರೂ ವೀಸಾ ಸಂಖ್ಯೆಯ ಸರದಿ ಒಂದು ದಿನವೂ ಮುಂದೆ ಸರಿಯದು. ತಮ್ಮನಿಗೆ ಫೋನ್ ಮಾಡಿ ಕೇಳಿದ್ದರಿಂದ ಹಣ ಉಳಿಯಿತು, ಆದರೆ ಅವ್ವ ಅಷ್ಟರಲ್ಲಿ ಅವನು ದೀಪಾವಳಿಗೆ ಬರುತ್ತಾನೆಂದು ಓಣಿಗೆಲ್ಲ ಹೇಳಿಯಾಗಿತ್ತು.

ದಾಖಲೆಗಳು ಒಂಬತ್ತು ವಾರಗಳಲ್ಲಿ ಸಿದ್ಧವಾಗಿ, ಉತ್ತರ ಗಡುವಿನೊಳಗೆ ತಲುಪಿತು. ಅಲ್ಲಿಗೆ ಹೋಗುವವರು ಪ್ರತಿ ಕೆಲಸಕ್ಕೂ ಬೇರೆ ಬೇರೆ ರಸೀದಿ ಕೇಳಿ ಪಡೆಯಿರಿ. ನಮಗೆ ಕೊಟ್ಟದ್ದು ಒಟ್ಟು ಮೊತ್ತ ಬರೆದ ಒಂದು ಚೀಟಿ ಮಾತ್ರ.