ನಮ್ಮ ಗ್ರಾಮ ಪಂಚಾಯಿತಿ: ಹನ್ನೊಂದು ವರ್ಷ ಬಳಸಿದ ಮೇಲೆ ಐದಕ್ಕೆ ಮೂರು ಅಂಕ

ಹೊಸನಗರ ತಾಲ್ಲೂಕಿನ ನಮ್ಮ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಹೋಗಬೇಕಾದರೆ ಒಂದು ಹಳ್ಳ ದಾಟಬೇಕು. ಅದಕ್ಕೆ ಅಡಿಕೆ ದಬ್ಬೆ (ಮರದ ಸೀಳು) ಹಾಸಿದ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ ಇತ್ತು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ನಾಲ್ಕು ಮನೆಯವರು ಸೇರಿ ದಬ್ಬೆ ಬದಲಿಸುತ್ತಿದ್ದೆವು, ಆಷಾಢದಲ್ಲಿ ಒಂದೆರಡು ಕೊಚ್ಚಿಹೋಗುತ್ತಿದ್ದವು. ಮಗಳು ಶಾಲೆಗೆ ಹೊರಟಾಗ ನಾನು ಈಚೆ ದಡದಲ್ಲಿ ನಿಂತಿರುತ್ತಿದ್ದೆ. ಅವಳು ಆಚೆ ಹತ್ತಿ ಕೊಡೆ ಎತ್ತಿ ತೋರಿಸಿದ ಮೇಲೇ ಮನೆ ಕಡೆ ತಿರುಗುತ್ತಿದ್ದದ್ದು. 2014ರಲ್ಲಿ ನಾನು ಮೊದಲ ಸಲ ಗ್ರಾಮಸಭೆಗೆ ಹೋದದ್ದು ಈ ಸಂಕಕ್ಕಾಗಿ.

ಎದ್ದು ನಿಂತು ಹೇಳಿದೆ. "ನೋಡಾಣ ಅಕ್ಕಾ, ಅನುದಾನ ಬರ್ಲಿ, ಮಾಡಾಣ" ಅಂದರು ಪಂಚಾಯಿತಿಯವರು. ಮುಂದಿನ ಸಭೆಯಲ್ಲೂ ಅದೇ ಮಾತು, ಅದರ ಮುಂದಿನದರಲ್ಲೂ ಅದೇ. ಏಳು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ನಮ್ಮ ಕೇರಿಯಲ್ಲಿ ಎಲ್ಲರಿಗೂ ಒಂದು ನಂಬಿಕೆ ಬಲವಾಗಿತ್ತು: ದುಡ್ಡು ಬಂದಿದೆ, ಯಾರೋ ತಿಂದಿದ್ದಾರೆ.

2021ರ ಮಳೆಗಾಲದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮೂನೆ ಎ, ಜೊತೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕೇಳಿದ್ದು ಇಷ್ಟೇ: ಹಿಂದಿನ ಗ್ರಾಮಸಭೆಗಳ ನಡಾವಳಿಯ (ಸಭೆಯಲ್ಲಿ ನಡೆದದ್ದರ ಬರಹದ) ನಕಲು ಮತ್ತು ಆ ವರ್ಷಗಳ ಕ್ರಿಯಾ ಯೋಜನೆ, ಅಂದರೆ ವರ್ಷದಲ್ಲಿ ಮಾಡುವ ಕೆಲಸಗಳ ಪಟ್ಟಿ. ಮೂವತ್ತು ದಿನದೊಳಗೆ ಕೊಡಬೇಕು, ಇಪ್ಪತ್ತೇಳನೇ ದಿನ ಬಂತು. ಪುಟಕ್ಕೆ ಎರಡು ರೂಪಾಯಿಯಂತೆ ಐವತ್ತೆರಡು ರೂಪಾಯಿ ಕಟ್ಟಿದೆ.

ಓದಿದಾಗ ಎರಡು ವಿಷಯ ತಿಳಿಯಿತು. ನಾನು ಹೇಳಿದ ಸಂಕ ನಡಾವಳಿಯಲ್ಲಿ ಎಲ್ಲೂ ಇರಲಿಲ್ಲ, ಒಂದು ಸಲವೂ ಇಲ್ಲ. ಸಭೆ ಶುರುವಾಗುವಾಗಲೇ ಬಾಗಿಲಲ್ಲಿ ನಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ, ನಡಾವಳಿ ಬರೆಯುವುದು ಆಮೇಲೆ. ಏನು ಬರೆದರೂ ಕೆಳಗೆ ನಮ್ಮ ಸಹಿ ಇದ್ದೇ ಇರುತ್ತದೆ. ಎರಡನೆಯದು, ದುಡ್ಡನ್ನು ಯಾರೂ ತಿಂದಿರಲಿಲ್ಲ. ಪಂಚಾಯಿತಿಗೆ ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಆಗ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಅದರಲ್ಲಿ ಸಂಕ ಕಟ್ಟುವ ಹಾಗಿರಲಿಲ್ಲ. ನರೇಗಾದಲ್ಲಿ ಆಗ ಕನಿಷ್ಠ ಶೇ 60 ಕೂಲಿಗೆ ಹೋಗಬೇಕಿತ್ತು, ಸಿಮೆಂಟು ಕಬ್ಬಿಣವೇ ಹೆಚ್ಚು ಬೇಡುವ ಕೆಲಸ ಅದಕ್ಕೆ ಹೊಂದುವುದು ಕಷ್ಟವಿತ್ತು. ಹಣಕಾಸು ಆಯೋಗದ ದುಡ್ಡಿನಲ್ಲಿ ಉಳಿದ ಶೇ 40ರಲ್ಲಿ ಇಡೀ ಪಂಚಾಯಿತಿಯ ರಸ್ತೆ, ಚರಂಡಿ, ಸಂಕ ಎಲ್ಲ ಆಗಬೇಕಿತ್ತು. ಅವರು ಹೇಳಿದ "ಅನುದಾನ ಇಲ್ಲ" ಎಂಬ ಮಾತು ನಿಜವೇ ಆಗಿತ್ತು! ಆದರೆ ಯಾಕೆ ಇಲ್ಲ, ಯಾವ ದುಡ್ಡು ಎಲ್ಲಿಗೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಏಳು ವರ್ಷ ನಾವು ಅವರನ್ನು ಕಳ್ಳರೆಂದುಕೊಂಡೆವು, ಅವರು ನಮ್ಮನ್ನು ಕಿರಿಕಿರಿಯವರೆಂದುಕೊಂಡರು. ಪಂಚಾಯಿತಿ ಗೋಡೆಗೆ ಬಣ್ಣದಲ್ಲಿ ಬರೆದ ನಾಲ್ಕು ಸಾಲಿನ ಲೆಕ್ಕ ಇದ್ದಿದ್ದರೆ ಇದಾಗುತ್ತಿರಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಮು ಹೇಳುವುದೂ ಅದನ್ನೇ, ಕೇಳುವ ಮೊದಲೇ ಪ್ರಕಟಿಸಿ ಅಂತ.

ಅಲ್ಲಿಂದ ನಾನು ಬಳಸುವ ರೀತಿ ಬದಲಾಯಿತು. ಬಾಯಿಮಾತು ಬಿಟ್ಟೆ. ಅರ್ಜಿ ಎರಡು ಪ್ರತಿ ಬರೆಯುತ್ತೇನೆ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಆವಕ ವಹಿಯ (ಬಂದ ಅರ್ಜಿ ದಾಖಲಿಸುವ ಪುಸ್ತಕದ) ನಂಬರು ಹಾಕಿಸಿಕೊಳ್ಳುತ್ತೇನೆ. ಮೊದಲ ಸಲ ಕೇಳಿದಾಗ ಗುಮಾಸ್ತರು "ನಮ್ಮ ಮೇಲೆ ನಂಬಿಕೆ ಇಲ್ವಾ ಅಕ್ಕಾ" ಎಂದು ಬೇಜಾರು ಮಾಡಿಕೊಂಡರು. "ನಾಳೆ ನಿಮಗೆ ವರ್ಗ ಆದ್ರೆ ಹೊಸಬರಿಗೆ ನಾನು ಏನು ತೋರಿಸ್ಲಿ ಹೇಳಿ" ಅಂದೆ. ಸೀಲು ಒತ್ತಿದರು. ಸಭೆಯಲ್ಲಿ ಇನ್ನೊಂದು ಮಾತು ಹಿಡಿದೆ: ಏಳುವ ಮುಂಚೆ ಬರೆದದ್ದನ್ನು ಗಟ್ಟಿಯಾಗಿ ಓದಿ. 2022ರಲ್ಲಿ ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ನಿಜವಾಗಿಯೂ ಓದಿಸಿದರು. ಗುಮಾಸ್ತರು ಓದುತ್ತಾ ಹೋದರು, ಸಂಕದ ಹೆಸರು ಬರಲಿಲ್ಲ. ಹಿಂದಿನ ಬೆಂಚಿನಿಂದ ನಮ್ಮ ಕೇರಿಯ ಅಜ್ಜಿ ಎದ್ದು "ಸಂಕ ಎಲ್ಲೋಯ್ತು ಮಾರಾಯಾ" ಎಂದು ಕೇಳಿದರು. ಎಲ್ಲರೆದುರೇ ಸೇರಿಸಿ, ಪಕ್ಕದಲ್ಲಿ ಸಹಿ ಮಾಡಿದರು. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸಂಕ ಬಂತು.

2024ರ ಬೇಸಿಗೆಯಲ್ಲಿ ಕಟ್ಟಿದರು. ಎಸ್ಟಿಮೇಟಿನ ನಕಲು ನಮ್ಮ ಹತ್ತಿರ ಮೊದಲೇ ಇತ್ತು. ಅದರಲ್ಲಿ ಎರಡೂ ಬದಿಗೆ ಕಬ್ಬಿಣದ ಕಂಬಿ ಅಂತ ಇತ್ತು, ಹಾಕಿದ್ದು ಒಂದೇ ಬದಿಗೆ. ಬಿಲ್ ಆಗುವ ಮೊದಲು ನಕಲು ಹಿಡಿದುಕೊಂಡು ಹೋದೆವು. ಎಂಜಿನಿಯರ್ ಬಂದು ಟೇಪು ಹಿಡಿದರು, ಅಳತೆ ದಾಖಲಿಸುವ ಎಂ.ಬಿ. ಪುಸ್ತಕದಲ್ಲಿ ಬರೆದುಕೊಂಡರು. ಮಳೆ ಹಿಡಿಯುವುದರೊಳಗೆ ಎರಡನೇ ಬದಿಯೂ ಆಯಿತು. ಜಗಳವೇ ಆಗಲಿಲ್ಲ.

ಉಳಿದ ಸೇವೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂದಾಯದ ರಸೀದಿ ಕಂಪ್ಯೂಟರಿನಲ್ಲಿ ಬರುತ್ತದೆ, ಒಳ್ಳೆಯದಾಗಿದೆ. ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಕೊಡಬೇಕೆನ್ನುವ ಸಕಾಲದಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ನಂಬರನ್ನು ಕೇಳಿ ಪಡೆಯಿರಿ, ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಐನೂರರವರೆಗೆ ಪರಿಹಾರ ಕೇಳುವ ಹಕ್ಕಿದೆ. ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ನಮ್ಮ ಪಂಚಾಯಿತಿಯ ಯೋಜನೆ, ಖರ್ಚು ನೋಡಬಹುದು. ಆದರೆ ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು.

ಎರಡು ಅಂಕ ಕಡಿಮೆ ಕೊಡಲು ಮುಖ್ಯ ಕಾರಣ ಸಭೆಯ ಹೊತ್ತು ಮತ್ತು ಜಾಗ. ಮುಂದಿನ ವರ್ಷದ ಯೋಜನೆಯ ಸಭೆಗಳು ಶುರುವಾಗುವುದು ಅಕ್ಟೋಬರ್ 2ರ ನಂತರ. ಮಲೆನಾಡಿನಲ್ಲಿ ಅದು ಅಡಿಕೆ ಕೊನೆ ಇಳಿಸುವ, ಸುಲಿಯುವ ಕಾಲ. ಬೆಳಿಗ್ಗೆ ಹನ್ನೊಂದಕ್ಕೆ, ಒಂಬತ್ತು ಕಿಲೋಮೀಟರ್ ಆಚೆ ಸಭೆ ಇಟ್ಟರೆ ಸುಲಿಯುವ ಮನೆ ಬಿಟ್ಟು ಯಾವ ಹೆಂಗಸು ಬಂದಾಳು? ಪಂಚಾಯಿತಿಯ ಲೆಕ್ಕಪತ್ರ ಜನರೆದುರು ತೆರೆದಿಡುವ ಜಮಾಬಂದಿಯೋ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಜಡಿಮಳೆಯಲ್ಲಿ. ನನ್ನ ಪ್ರಕಾರ ಎಲ್ಲ ಸಭೆಗಳಿಗಿಂತ ಬೆಲೆಯುಳ್ಳದ್ದು ಅದು, ಖಾಲಿ ಕುರ್ಚಿ ಹೆಚ್ಚಿರುವುದೂ ಅದರಲ್ಲೇ. ಕಳೆದ ಸಲ ನಮ್ಮ ವಾರ್ಡ್ ಸಭೆಯನ್ನು ಶಾಲೆಯ ಜಗುಲಿಯಲ್ಲಿ ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದರು, ನೀರುಗಂಟಿ ಮನೆಮನೆಗೆ ಹೇಳಿಹೋಗಿದ್ದ, ಹಾಲಿನ ಡೇರಿಯ ಬೋರ್ಡಿನಲ್ಲೂ ಬರೆದಿದ್ದರು. ಅರವತ್ತಕ್ಕೂ ಹೆಚ್ಚು ಜನ ಬಂದರು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ವಾಟ್ಸಾಪ್ ಗುಂಪಿಗೆ ಹಾಕಿದ ನೋಟಿಸು ಇದುವರೆಗೆ ಅಷ್ಟು ಜನರನ್ನು ಕರೆತಂದಿಲ್ಲ.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ. ಯಾವ ಅನುದಾನ ಎಷ್ಟು ಬಂತು, ಯಾವುದಕ್ಕೆ ಮೀಸಲು, ಎಷ್ಟು ಉಳಿದಿದೆ ಎಂದು ಪಂಚಾಯಿತಿ ಗೋಡೆಯ ಮೇಲೂ ಎಲ್ಲ ಡೇರಿಗಳ ಮುಂದೂ ಬರೆಸಬೇಕು. ಎರಡು ಪ್ರತಿ, ಕೇರಿಯ ಮೂವತ್ತೊಂದು ಸಹಿ.