ಈ ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಮೂರನೇ ತಿಂಗಳಿಗೇ ಕೈಕೊಟ್ಟಿತು

ಮೊದಲ ಎರಡು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ದೊಡ್ಡ ಫೈಲ್ ಕಳಿಸುವಾಗಲೆಲ್ಲ ಲಿಂಕ್ ಕಟ್ ಆಗಿ, ಮತ್ತೆ ಬರುವಾಗ 1000 ಬದಲು 100 ಎಂಬಿಪಿಎಸ್‌ಗೆ ಇಳಿದಿರುತ್ತಿತ್ತು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಕೇಬಲ್‌ನ 4 ಜೋಡಿ ತಂತಿಗಳೂ ಬೇಕು, 100ಕ್ಕೆ 2 ಜೋಡಿ ಸಾಕು, ಹಾಗಾಗಿ ಮೊದಲು ಕೇಬಲ್ ಮೇಲೇ ಅನುಮಾನ ಬಂತು. ಹೊಸ ಕೇಬಲ್ ಹಾಕಿದೆ, ಸ್ವಿಚ್‌ನ ಪೋರ್ಟ್ ಬದಲಿಸಿದೆ. ಊಹೂಂ. ಈಥ್‌ಟೂಲ್‌ನಲ್ಲಿ (ನೆಟ್‌ವರ್ಕ್ ಕಾರ್ಡ್‌ನ ಸ್ಥಿತಿ ತೋರಿಸುವ ಲಿನಕ್ಸ್ ಕಮಾಂಡ್) ಸಿಆರ್‌ಸಿ ಎರರ್, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಎಣಿಕೆ, ಕಣ್ಣೆದುರೇ ಏರುತ್ತಿತ್ತು. ಕಾರ್ಡ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದೆ, ಎರರ್ ಅದರ ಹಿಂದೆಯೇ ಬಂತು. ಅಲ್ಲಿಗೆ ಖಾತ್ರಿ ಆಯಿತು ಅಲ್ವಾ? ಕಾರ್ಡ್‌ನಲ್ಲಿ ಕೇಬಲ್ ಸಿಕ್ಕಿಸುವ ಜ್ಯಾಕ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ 8 ಪಿನ್‌ಗಳಲ್ಲಿ ಒಂದು ಉಳಿದವಕ್ಕಿಂತ ಸ್ವಲ್ಪ ಕೆಳಗೆ ಕೂತಿತ್ತು. ವಾರಂಟಿಯಲ್ಲಿ ತಕರಾರಿಲ್ಲದೆ ಬದಲಿ ಕೊಟ್ಟರು, ಅದು ಒಳ್ಳೆಯದೇ. ಆದರೂ ದಿನಾ ಕೇಬಲ್ ಕಿತ್ತು ಹಾಕುವವರು ಇದನ್ನು ತಗೊಳ್ಳಬೇಡಿ.